ಶಾಲೆಯಿಂದ ಫೋನ್ ಬಂದರೆ ಎದೆ ಧಸಕ್ ಎನ್ನುವುದೇಕೆ?

ಬೆಳಿಗ್ಗೆ ಹನ್ನೊಂದು ಗಂಟೆಗೆ ಮಗುವಿನ ಶಾಲೆಯಿಂದ ಫೋನ್ ಬಂತು ಅಂದುಕೊಳ್ಳಿ. ನಮ್ಮ ಬಾಯಿಂದ ಮೊದಲು ಹೊರಡುವ ಮಾತು "ಏನಾಯ್ತು ಮಿಸ್?" ನಮಸ್ಕಾರವೂ ಇಲ್ಲ, ಏನೂ ಇಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಶಾಲೆಯವರು ಸಾಮಾನ್ಯವಾಗಿ ಫೋನ್ ಮಾಡುವುದು ಮೂರು ಕಾರಣಕ್ಕೆ. ಮಗುವಿಗೆ ಹುಷಾರಿಲ್ಲ, ಮಗು ಏನೋ ಕಿತಾಪತಿ ಮಾಡಿದೆ, ಇಲ್ಲವೇ ಫೀಸು ಬಾಕಿ ಇದೆ. "ನಿಮ್ಮ ಹುಡುಗಿ ಇವತ್ತು ಭಿನ್ನರಾಶಿ ಲೆಕ್ಕ ತಾನೇ ಬಿಡಿಸಿದಳು" ಅಂತ ಹೇಳುವುದಕ್ಕೆ ಯಾರು ಫೋನ್ ಮಾಡುತ್ತಾರೆ?

ಆ ಕಡೆಯಿಂದ ನೋಡಿದರೂ ಇದೇ ಕಥೆ. ವಾರದ ಮಧ್ಯೆ ಯಾರದೋ ತಂದೆ ಗೇಟಿನ ಹತ್ತಿರ ಕಾಣಿಸಿದರೆ ಸ್ಟಾಫ್ ರೂಮಿನಲ್ಲಿ "ಇವರು ಯಾಕೆ ಬಂದರಪ್ಪ" ಅನ್ನುವ ಗುಸುಗುಸು ಶುರುವಾಗುತ್ತದೆ. ಟೀಚರಿಗೆ ಒಂದು ಥ್ಯಾಂಕ್ಸ್ ಹೇಳಲು ಅರ್ಧ ದಿನ ರಜೆ ಹಾಕಿ ಬರುವ ಪೋಷಕರು ಎಷ್ಟು ಜನ ಇದ್ದಾರು?

ಹೀಗೆ ಎರಡೂ ಕಡೆಯವರು ಕೆಟ್ಟ ದಿನಗಳಲ್ಲೇ ಎದುರಾಗುತ್ತಾರೆ. ಶಾಲೆ ಮತ್ತು ಪೋಷಕರ ನಡುವೆ ನಂಬಿಕೆ ಕಡಿಮೆಯಾಗಿದೆ ಅಂದರೆ ಸಾಕು, "ಸಂಪರ್ಕ ಹೆಚ್ಚಿಸಿ" ಅನ್ನುವ ಸಲಹೆ ಸಿದ್ಧವಾಗಿರುತ್ತದೆ. ಒಂದು ಆ್ಯಪ್, ಇನ್ನೊಂದು ವಾಟ್ಸಾಪ್ ಗ್ರೂಪ್, ಮತ್ತೊಂದು ಸುತ್ತೋಲೆ. ಆದರೆ ಈಗ ಸಂದೇಶಗಳಿಗೇನೂ ಬರವಿಲ್ಲ. ನನ್ನ ಪ್ರಕಾರ ಗಂಟು ಬೇರೆ ಕಡೆ ಇದೆ. ತೊಂದರೆ ಬರುವ ಮುಂಚೆ ಮಾತು ಶುರುವಾಗಿತ್ತೇ? ಪೋಷಕರು ಹೇಳಿದ್ದರಿಂದ ಶಾಲೆಯಲ್ಲಿ ಏನಾದರೂ ಬದಲಾಯಿತೇ? ಈ ಎರಡು ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ದಿನಕ್ಕೆ ಹತ್ತು ಮೆಸೇಜು ಬಂದರೂ ಅಷ್ಟೇ.

ನಂಬಿಕೆಯನ್ನು ಅಳೆದು ನೋಡಿದವರು

ಇದು ಬರೀ ಭಾವನೆಯ ವಿಷಯ ಅಂತ ಅನ್ನಿಸಬಹುದು. ಆದರೆ ಇದನ್ನು ಅಳೆದವರಿದ್ದಾರೆ. ಅಮೆರಿಕದ ಶಿಕಾಗೊದಲ್ಲಿ 1988ರಲ್ಲಿ ಒಂದು ಕಾನೂನು ಬಂದು, ಪ್ರತಿ ಸರ್ಕಾರಿ ಶಾಲೆಗೂ ಪೋಷಕರೇ ಹೆಚ್ಚಿರುವ ಚುನಾಯಿತ ಸಮಿತಿ ರಚನೆಯಾಯಿತು. ಮುಂದಿನ ದಶಕದಲ್ಲಿ ಆಂಥೊನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ ಎಂಬ ಸಂಶೋಧಕರು ಅಲ್ಲಿನ ಪ್ರಾಥಮಿಕ ಶಾಲೆಗಳನ್ನು ವರ್ಷಗಟ್ಟಲೆ ಗಮನಿಸಿದರು. 1994ರಲ್ಲೂ 1997ರಲ್ಲೂ ನಂಬಿಕೆ ದುರ್ಬಲವಾಗಿದ್ದ ಶಾಲೆಗಳಲ್ಲಿ ಮಕ್ಕಳ ಓದು ಮತ್ತು ಗಣಿತ ಸುಧಾರಿಸುವ ಸಾಧ್ಯತೆ ಹೆಚ್ಚುಕಡಿಮೆ ಇರಲೇ ಇಲ್ಲ. ನಂಬಿಕೆ ಗಟ್ಟಿ ಇದ್ದ ಕಡೆ ಸುಧಾರಣೆ ಇದಕ್ಕಿಂತ ಎಷ್ಟೋ ಜಾಸ್ತಿ.

ಜನ ಇನ್ನೊಬ್ಬರನ್ನು ನಂಬುವಾಗ ನಾಲ್ಕು ವಿಷಯ ನೋಡುತ್ತಾರೆ ಅಂತ ಅವರು ಹೇಳಿದರು. ನನಗೆ ಗೌರವ ಕೊಡುತ್ತಾರಾ? ಅವರಿಗೆ ಕೆಲಸ ಬರುತ್ತಾ? ನಮ್ಮ ಬಗ್ಗೆ ನಿಜವಾದ ಕಾಳಜಿ ಇದೆಯಾ? ಹೇಳಿದಂತೆ ನಡೆದುಕೊಳ್ಳುತ್ತಾರಾ? ಈ ನಾಲ್ಕರಲ್ಲಿ ಒಂದು ಪೂರ್ತಿ ಕೈಕೊಟ್ಟರೂ ಉಳಿದ ಮೂರು ಅದನ್ನು ತುಂಬಿಕೊಡುವುದು ಕಷ್ಟ.

ನಮ್ಮ ಕಡೆ ಇದು ಹೇಗೆ ಕಾಣುತ್ತದೆ ನೋಡಿ. ಮೇಷ್ಟ್ರು ಪಾಠ ಚೆನ್ನಾಗಿ ಮಾಡುತ್ತಾರೆ, ಊರಿಗೆಲ್ಲ ಗೊತ್ತು. ಆದರೆ ಪೋಷಕರ ಸಭೆಯಲ್ಲಿ ಕಾರಿನಲ್ಲಿ ಬಂದವರಿಗೆ ಕುರ್ಚಿ, ಕೂಲಿ ಕೆಲಸದಿಂದ ಓಡಿ ಬಂದ ತಾಯಿಗೆ ಬಾಗಿಲ ಹತ್ತಿರ ನಿಲ್ಲುವ ಜಾಗ. ಆ ತಾಯಿ ಮುಂದಿನ ಸಭೆಗೆ ಬರುವುದಿಲ್ಲ. ಆಗ "ಈ ಪೋಷಕರಿಗೆ ಮಕ್ಕಳ ಬಗ್ಗೆ ಆಸಕ್ತಿಯೇ ಇಲ್ಲ" ಅಂತ ರಿಜಿಸ್ಟರಿನಲ್ಲಿ ಗೈರು ಬೀಳುತ್ತದೆ. ಅವಳು ಯಾಕೆ ಬರಲಿಲ್ಲ ಎಂದು ಬರೆಯುವುದಕ್ಕೆ ಆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಕಾನೂನು ಏನು ಹೇಳುತ್ತದೆ

ಬಹಳ ಪೋಷಕರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ನಿಮ್ಮ ಜೊತೆ ಮಾತಾಡುವುದು ಶಿಕ್ಷಕರ ಸೌಜನ್ಯ ಮಾತ್ರವಲ್ಲ, ಕಾನೂನು ಹೇಳಿದ ಕೆಲಸ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಶಿಕ್ಷಕರ ಕರ್ತವ್ಯಗಳಿವೆ. ಸಮಯಕ್ಕೆ ಬರುವುದು, ಪಠ್ಯ ಮುಗಿಸುವುದು, ಇವುಗಳ ಜೊತೆಗೇ ಪೋಷಕರ ಸಭೆಯನ್ನು ತಪ್ಪದೆ ನಡೆಸಬೇಕು ಎಂದೂ ಇದೆ. ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಪ್ರಗತಿ, ಇವೆಲ್ಲ ಅಲ್ಲಿ ತಿಳಿಸಬೇಕು.

ಇನ್ನು 21ನೇ ಸೆಕ್ಷನ್. ಸರ್ಕಾರಿ ಶಾಲೆಗೊಂದು ಆಡಳಿತ ಸಮಿತಿ ಇರಬೇಕು, ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಾಗಿರಬೇಕು ಅನ್ನುತ್ತದೆ ಅದು. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕಿಂತ ಮುಂದಿತ್ತು. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಸಲಹೆ ಕೊಟ್ಟ ಮೇಲೆ 2001ರಲ್ಲೇ ಸರ್ಕಾರಿ ಆದೇಶ ಹೊರಟು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ನಾವು ಎಸ್‌ಡಿಎಂಸಿ ಅನ್ನುವುದು ಇದನ್ನೇ. ಶಾಲೆಯ ಕೆಲಸ ನೋಡಿಕೊಳ್ಳುವುದು, ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಅನುದಾನ ಎಲ್ಲಿ ಖರ್ಚಾಯಿತು ಅಂತ ಕೇಳುವುದು ಇದರ ಕೆಲಸ.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಿಲ್ಲ. ಆದರೆ ನೆಲದ ಮೇಲೆ ಊರಿಂದ ಊರಿಗೆ ವ್ಯತ್ಯಾಸ. ಕೆಲವು ಕಡೆ ಎಸ್‌ಡಿಎಂಸಿಯವರು ನಿಂತು ಕಾಂಪೌಂಡ್ ಕಟ್ಟಿಸಿದ್ದಾರೆ, ದಾನಿಗಳನ್ನು ಹಿಡಿದು ಶೌಚಾಲಯ ಮಾಡಿಸಿದ್ದಾರೆ. ಇನ್ನು ಕೆಲವು ಕಡೆ ಅಧ್ಯಕ್ಷರ ಆಯ್ಕೆ ಎಂದರೆ ಪಂಚಾಯ್ತಿ ಚುನಾವಣೆಯ ಎರಡನೇ ಸುತ್ತು. ಮಹಿಳಾ ಸದಸ್ಯೆಯ ಹೆಸರಿನಲ್ಲಿ ಗಂಡ ಬಂದು ಕೂರುತ್ತಾನೆ. ನಡವಳಿ ಪುಸ್ತಕ ಮೊದಲೇ ಬರೆದಿರುತ್ತದೆ, ಸಹಿ ಹಾಕಿದರೆ ಸಭೆ ಮುಗಿಯಿತು. ಆ ಸಹಿ ಹಾಕಿದ ತಾಯಿಗೆ ಶಾಲೆಯ ಮೇಲೆ ನಂಬಿಕೆ ಬಂತಾ? ತನ್ನನ್ನು ಸುಮ್ನೆ ಕೂರಿಸಿದ್ದರು ಅಂತ ಅವಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ 21ನೇ ಸೆಕ್ಷನ್ ಅನ್ವಯವೇ ಆಗುವುದಿಲ್ಲ. ಅನುದಾನಿತ ಶಾಲೆಗಳಲ್ಲಿ ಸಮಿತಿಗೆ ಸಲಹೆ ಕೊಡುವಷ್ಟೇ ಅಧಿಕಾರ. ಅಂದರೆ ದುಡ್ಡು ಕೊಟ್ಟು ಓದಿಸುವ ಪೋಷಕರಿಗೆ ಶಾಲೆಯೊಳಗೆ ಕಾನೂನಿನ ಕುರ್ಚಿ ಇಲ್ಲ! ಕುರ್ಚಿ ಇಲ್ಲದವರು ಎಲ್ಲಿ ಮಾತಾಡುತ್ತಾರೆ? ವಾಟ್ಸಾಪಿನಲ್ಲಿ.

ಎರಡು ಗ್ರೂಪುಗಳ ಕಥೆ

ಪೇಟೆಯ ಬಹುತೇಕ ಶಾಲೆಗಳಲ್ಲಿ ಪ್ರತಿ ತರಗತಿಗೂ ಎರಡು ಗ್ರೂಪು ಇರುತ್ತವೆ. ಒಂದು ಶಾಲೆಯದು. ಅದರಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು. ನಾಳೆ ಹಳದಿ ಬಟ್ಟೆ ಹಾಕಿ ಕಳಿಸಿ, ಶುಕ್ರವಾರದೊಳಗೆ ಫೀಸು ಕಟ್ಟಿ, ಇಷ್ಟೇ. ಇನ್ನೊಂದು ಪೋಷಕರೇ ಮಾಡಿಕೊಂಡದ್ದು. ಅದರಲ್ಲಿ ಟೀಚರ್ ಇಲ್ಲ, ನಿಯಮ ಇಲ್ಲ, ರಾತ್ರಿ ಹನ್ನೆರಡರವರೆಗೆ ಮಾತು. ಮೊದಲನೆಯದರಲ್ಲಿ ಮಾಹಿತಿ ಇದೆ, ಉತ್ತರ ಕೊಡುವ ಹಾಗಿಲ್ಲ. ಎರಡನೆಯದರಲ್ಲಿ ಉತ್ತರಗಳಿವೆ, ಮಾಹಿತಿ ಇಲ್ಲ. ಒಂದು ಮಗುವಿಗೆ ಬಿದ್ದು ಗಾಯವಾದರೆ, ಶಾಲೆಯ ಗ್ರೂಪು ಸಂಜೆಯವರೆಗೆ ಸುಮ್ಮನಿರುತ್ತದೆ. ಅಷ್ಟರಲ್ಲಿ ಪೋಷಕರ ಗ್ರೂಪಿನಲ್ಲಿ ಆ ಗಾಯ ಮೂಳೆ ಮುರಿತವಾಗಿರುತ್ತದೆ.

ಇದು ಎಷ್ಟು ದೊಡ್ಡದಾಗಬಹುದು ಅಂತ ಬೆಂಗಳೂರು 2023ರ ಡಿಸೆಂಬರ್ 1ರಂದು ನೋಡಿತು. ಆ ಶುಕ್ರವಾರ ಬೆಳಿಗ್ಗೆ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದಿತ್ತು. ಪೊಲೀಸರು ಹುಡುಕಿದ ಮೇಲೆ ಹುಸಿ ಅಂತ ಗೊತ್ತಾಯಿತು. ಆದರೆ ಅದಕ್ಕೂ ಮುಂಚೆ ಟಿವಿ ಓಡುತ್ತಿತ್ತು, ಫಾರ್ವರ್ಡ್‌ಗಳು ಓಡುತ್ತಿದ್ದವು, ಕೈಯಲ್ಲಿದ್ದ ಕೆಲಸ ಬಿಟ್ಟು ಅಪ್ಪ-ಅಮ್ಮಂದಿರು ಶಾಲೆಯ ಕಡೆ ಓಡುತ್ತಿದ್ದರು.

ಇಂಥ ಗಳಿಗೆಯಲ್ಲಿ ಶಾಲೆಯ ಸಂದೇಶ ಹೇಗಿರಬೇಕು? "ಎಲ್ಲವೂ ನಿಯಂತ್ರಣದಲ್ಲಿದೆ, ಪೋಷಕರು ಗಾಬರಿಯಾಗಬಾರದು" ಎಂದು ಬರೆದರೆ ಗಾಬರಿ ಇನ್ನೂ ಜಾಸ್ತಿಯಾಗುತ್ತದೆ. ಪೋಷಕರಿಗೆ ಬೇಕಿರುವುದು ಇಷ್ಟು: ಏನಾಗಿದೆ, ನನ್ನ ಮಗು ಈಗ ಎಲ್ಲಿದೆ, ಅಲ್ಲಿ ಯಾರಿದ್ದಾರೆ, ನಾನು ಬರಬೇಕಾ, ಬಂದರೆ ಯಾವ ಗೇಟಿಗೆ, ಮುಂದಿನ ಸುದ್ದಿ ಎಷ್ಟು ಹೊತ್ತಿಗೆ ಕೊಡುತ್ತೀರಿ. ಕೊನೆಯದು ಬಹಳ ಮುಖ್ಯ. "ಹತ್ತೂವರೆಗೆ ಮತ್ತೆ ತಿಳಿಸುತ್ತೇವೆ" ಎಂದು ಬರೆದು, ಹೊಸದೇನೂ ಇಲ್ಲದಿದ್ದರೂ ಹತ್ತೂವರೆಗೆ "ಇನ್ನೂ ಹುಡುಕಾಟ ನಡೆಯುತ್ತಿದೆ" ಅಂತ ಎರಡು ಸಾಲು ಹಾಕಿದರೆ, ಅರ್ಧ ಜನ ಮನೆಯಲ್ಲೇ ಕಾಯುತ್ತಾರೆ. ಆದರೆ ಇದಕ್ಕೊಂದು ಷರತ್ತಿದೆ. ಶಾಲೆ ಹಿಂದೆ ಸಣ್ಣಪುಟ್ಟ ವಿಷಯದಲ್ಲಿ ಹೇಳಿದ ಹೊತ್ತಿಗೆ ಹೇಳಿದ್ದರೆ ಮಾತ್ರ ಆ ದಿನದ ಮಾತನ್ನು ಜನ ನಂಬುತ್ತಾರೆ. ಬಸ್ ಇಪ್ಪತ್ತು ನಿಮಿಷ ತಡ ಅಂತ ಯಾವತ್ತೂ ತಿಳಿಸದ ಶಾಲೆ, ಬಾಂಬ್ ಇಲ್ಲ ಅಂದರೆ ಯಾರು ನಂಬುತ್ತಾರೆ?

ಒಮ್ಮೊಮ್ಮೆ ಶಾಲೆಗೇ ವಿಷಯ ಗೊತ್ತಿರುವುದಿಲ್ಲ. 2024ರ ಮಾರ್ಚ್ ನೆನಪಿಸಿಕೊಳ್ಳಿ. 5, 8 ಮತ್ತು 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಎಂದು ಸರ್ಕಾರ ಹೇಳಿತ್ತು. ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಶುರು, 12ರಂದು ಸುಪ್ರೀಂ ಕೋರ್ಟ್ ಮಧ್ಯೆ ಬಂದು ಪರೀಕ್ಷೆ ಅರ್ಧಕ್ಕೆ ನಿಂತಿತು. 22ಕ್ಕೆ ಮತ್ತೆ ಒಪ್ಪಿಗೆ, ಉಳಿದ ಪರೀಕ್ಷೆಗಳೂ ನಡೆದವು. ಏಪ್ರಿಲ್ 8ರಂದು ಫಲಿತಾಂಶಕ್ಕೇ ಸುಪ್ರೀಂ ಕೋರ್ಟ್ ತಡೆ. ಹತ್ತು ವರ್ಷದ ಮಗುವಿಗೆ ಇದನ್ನೆಲ್ಲ ಏನಂತ ಹೇಳುವುದು? ಪೋಷಕರು ಹೋಗಿ ನಿಂತದ್ದು ಹೆಡ್‌ಮಾಸ್ಟರ ಮುಂದೆ. ಅವರಿಗೂ ಗೊತ್ತಿದ್ದದ್ದು ಟಿವಿಯಲ್ಲಿ ಬಂದಷ್ಟೇ. ತಾನು ಮಾಡದ ಗೊಂದಲಕ್ಕೆ ಶಾಲೆ ತನ್ನ ಮುಖ ಕೊಡಬೇಕಾಯಿತು. ಅಂಥ ಹೊತ್ತಲ್ಲಿ "ನಮಗೂ ಇನ್ನೂ ಆದೇಶ ಬಂದಿಲ್ಲ, ಬಂದ ತಕ್ಷಣ ಬೋರ್ಡಿಗೆ ಹಾಕುತ್ತೇವೆ" ಎಂದು ನೇರವಾಗಿ ಹೇಳಿದ ಎಚ್‌ಎಂಗಳ ಮೇಲೆ ಜನರಿಗೆ ಸಿಟ್ಟು ಬರುವುದು ಕಡಿಮೆ.

ಬಿ ಬಂದರೆ ಒಳ್ಳೆಯದಾ?

ಸುದ್ದಿಯಾಗದ ಒಂದು ದೊಡ್ಡ ಗೊಂದಲ ಪ್ರಗತಿ ಪತ್ರದಲ್ಲಿದೆ. ರಾಜ್ಯ ಪಠ್ಯಕ್ರಮದ ಪ್ರಾಥಮಿಕ ತರಗತಿಗಳಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ಅಂದರೆ ಕಲಿಕೆಯ ನಡುವೆ ನಡೆಯುವ ರೂಪಣಾತ್ಮಕ ಮತ್ತು ಅವಧಿಯ ಕೊನೆಗೆ ನಡೆಯುವ ಸಂಕಲನಾತ್ಮಕ ಮೌಲ್ಯಮಾಪನ. (ಈ ಹೆಸರು ಇಟ್ಟವರು ಯಾವ ಪೋಷಕರನ್ನು ಕೇಳಿ ಇಟ್ಟರೋ!) ಶ್ರೇಣಿ ಹೀಗಿದೆ: 90ರಿಂದ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ.

ಎ ಬಿಟ್ಟರೆ ಬಿ ತಾನೇ, ಮಗ ಎರಡನೇ ಮಟ್ಟದಲ್ಲಿದ್ದಾನೆ ಅಂತ ಅಪ್ಪ ಖುಷಿಯಾಗಿ ಸಹಿ ಹಾಕುತ್ತಾನೆ. ನಿಜಕ್ಕೂ ಆ ಬಿ ಅಂದರೆ ಮಗು ಒಟ್ಟು ಅಂಕದಲ್ಲಿ ಅರ್ಧದಷ್ಟೂ ತೆಗೆದಿಲ್ಲ ಅಂತ ಅರ್ಥ. ಇದನ್ನು ಯಾರೂ ಬಚ್ಚಿಟ್ಟಿಲ್ಲ, ಬಿಡಿಸಿಯೂ ಹೇಳಿಲ್ಲ. ಮಗು ಹೈಸ್ಕೂಲಿಗೆ ಹೋಗಿ ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ನಿಜ ಗೊತ್ತಾಗುತ್ತದೆ. "ಇಷ್ಟು ವರ್ಷ ನೀವು ಹೇಳಲೇ ಇಲ್ಲ" ಅಂತ ಜಗಳ ಆಗುವುದು ಅಲ್ಲಿ. ಟೀಚರ್ ಹೇಳುವುದು "ಪ್ರತಿ ಸಲ ನೀವೇ ಸಹಿ ಮಾಡಿದ್ದೀರಲ್ಲ." ಇಬ್ಬರೂ ಹೇಳುತ್ತಿರುವುದು ನಿಜವೇ.

ಪೋಷಕರ ಸಭೆಯ ಮಾತೂ ಹೀಗೇ. "ಬುದ್ಧಿವಂತ, ಆದರೆ ಕಾನ್ಸಂಟ್ರೇಷನ್ ಇಲ್ಲ." "ಇನ್ನೂ ಸ್ವಲ್ಪ ಓದಿಸಿ." ಕ್ಲಾಸಿನ ನಲವತ್ತು ಮಕ್ಕಳಲ್ಲಿ ಮೂವತ್ತು ಮಕ್ಕಳಿಗೆ ಇದೇ ಮಾತು ಹೊಂದುತ್ತದೆ. ಇದರ ಬದಲು "ಒತ್ತಕ್ಷರ ಬಂದ ಕಡೆ ಓದುವಾಗ ತಡವರಿಸುತ್ತಾನೆ, ಸಾಲಿನ ಅರ್ಥ ಹೇಳಿದರೆ ತಿಳಿಯುತ್ತದೆ, ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಜೋರಾಗಿ ಓದಿಸಿ" ಅಂದರೆ, ಈ ಟೀಚರ್ ನನ್ನ ಮಗುವನ್ನು ನಿಜಕ್ಕೂ ನೋಡಿದ್ದಾರೆ ಅಂತ ತಾಯಿಗೆ ಗೊತ್ತಾಗುತ್ತದೆ. ಓದು ಬಾರದ ತಾಯಿಯೂ ಮಗು ಜೋರಾಗಿ ಓದುವುದನ್ನು ಕೂತು ಕೇಳಬಲ್ಲಳು.

ಪೋಷಕರೂ ಪ್ರಶ್ನೆ ಬದಲಿಸಬಹುದು. "ಹೇಗೆ ಓದ್ತಾಳೆ ಮೇಡಂ?" ಅಂದರೆ "ಪರವಾಗಿಲ್ಲ" ಅನ್ನುವ ಉತ್ತರವೇ ಬರುವುದು. ಹೋದ ಸಲಕ್ಕಿಂತ ಈಗ ಹೊಸದಾಗಿ ಏನು ಕಲಿತಿದ್ದಾಳೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ, ಕ್ಲಾಸಿನಲ್ಲಿ ಯಾರ ಜೊತೆ ಕೂರುತ್ತಾಳೆ, ಪ್ರಶ್ನೆ ಕೇಳುತ್ತಾಳಾ ಅಂತ ಕೇಳಿ ನೋಡಿ.

ಮೇಷ್ಟ್ರು ಊರೊಳಗೆ ಬಂದಾಗ

2020ರ ಆಗಸ್ಟ್‌ನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ಕರ್ನಾಟಕದಲ್ಲಿ ವಿದ್ಯಾಗಮ ಶುರುವಾಯಿತು. ಮಕ್ಕಳು ಶಾಲೆಗೆ ಬರುವ ಹಾಗಿಲ್ಲವಲ್ಲ, ಶಿಕ್ಷಕರೇ ಊರೂರಿಗೆ, ಕೇರಿಗಳಿಗೆ ಹೋದರು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಪಾಠ. ಸೋಂಕಿನ ಭಯ ಹೆಚ್ಚಿ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು, 2021ರ ಜನವರಿಯಲ್ಲಿ ಶಾಲೆಯ ಅಂಗಳದಲ್ಲಿ ಮತ್ತೆ ಶುರು ಮಾಡಿದರು. ವಿದ್ಯಾಗಮ ಸರಿಯೋ ತಪ್ಪೋ ಎಂದು ಆಗ ಬೇಕಾದಷ್ಟು ವಾದ ನಡೆಯಿತು.

ನನಗೆ ಮುಖ್ಯ ಅನ್ನಿಸುವುದು ಅದರ ಜೊತೆಗೆ ನಡೆದ ಇನ್ನೊಂದು ವಿಷಯ. ಅಲ್ಲಿಯವರೆಗೆ ಪೋಷಕರು ಶಾಲೆಗೆ ಹೋಗಬೇಕಿತ್ತು, ಕೈಕಟ್ಟಿ ನಿಲ್ಲಬೇಕಿತ್ತು. ಈಗ ಮೇಷ್ಟ್ರು, ಅಕ್ಕೋರು ಅವರ ಮನೆ ಬಾಗಿಲ ಮುಂದೆ ಬಂದಿದ್ದರು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯಾ, ಇದ್ದರೆ ಸಂಜೆ ಅಪ್ಪ ಬಂದ ಮೇಲೆ ಮಾತ್ರವಾ, ತಮ್ಮನನ್ನು ನೋಡಿಕೊಳ್ಳುವ ಕೆಲಸ ಯಾವ ಹುಡುಗಿಯ ಪಾಲಿಗೆ ಬಿದ್ದಿದೆ, ಇದೆಲ್ಲ ಕಣ್ಣಿಗೆ ಬಿತ್ತು. "ಹೋಂವರ್ಕ್ ಯಾಕೆ ಮಾಡಿಲ್ಲ?" ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಶಾಲೆ ತೆರೆದ ಮೇಲೆ ಈ ಓಡಾಟ ನಿಂತಿತು. ಪಾಠಕ್ಕಾಗಿ ಹೋಗುವುದು ನಿಲ್ಲಬೇಕಿತ್ತು, ಸರಿ. ಆದರೆ ವರ್ಷಕ್ಕೊಮ್ಮೆ ಮನೆ ನೋಡಿ ಬರುವುದನ್ನಾದರೂ ಉಳಿಸಿಕೊಳ್ಳಬಹುದಿತ್ತು.

ಹಾಗಂತ ಎಲ್ಲವನ್ನೂ ಶಿಕ್ಷಕರ ತಲೆಗೆ ಕಟ್ಟಿದರೆ ಅನ್ಯಾಯ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮಕ್ಕಳ ವಿವರ ದಾಖಲಿಸುವ ಸರ್ಕಾರದ ಸ್ಯಾಟ್ಸ್ ಪೋರ್ಟಲ್‌ಗೆ ಮಾಹಿತಿ ತುಂಬುವುದು, ಚುನಾವಣೆ ಡ್ಯೂಟಿ, ಸಮೀಕ್ಷೆ, ಇವುಗಳ ನಡುವೆ ಪಾಠ. ಅದೇ ಕೊರೊನಾ ಕಾಲದಲ್ಲಿ ಖಾಸಗಿ ಶಾಲೆಗಳಲ್ಲಿ ನಡೆದದ್ದು ಫೀಸಿನ ಜಗಳ. 2021ರ ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕದ 70% ಮಾತ್ರ ತೆಗೆದುಕೊಳ್ಳಿ ಅಂದಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಒಪ್ಪದೆ 15% ರಿಯಾಯಿತಿ ಸಾಕು ಅಂದಿತು. ಕ್ಲಾಸೇ ಇಲ್ಲದೆ ಪೂರ್ತಿ ಫೀಸು ಯಾಕೆ ಅಂತ ಪೋಷಕರು, ಸಂಬಳ ಎಲ್ಲಿಂದ ಕೊಡೋಣ ಅಂತ ಶಾಲೆಗಳು. ಎಷ್ಟು ಬಂತು, ಎಷ್ಟು ಸಂಬಳಕ್ಕೆ ಹೋಯಿತು ಎಂದು ಒಂದು ಪುಟದ ಲೆಕ್ಕ ತೋರಿಸಿದ್ದರೆ ಎಷ್ಟೋ ಕಡೆ ಮಾತು ಕೋರ್ಟಿನವರೆಗೆ ಬೆಳೆಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಭಯ ಎರಡೂ ಕಡೆ ಇದೆ

ಪೋಷಕರು ಸುಮ್ಮನಿರುವುದಕ್ಕೆ ದೊಡ್ಡ ಕಾರಣ ಒಂದೇ. "ನಾನು ದೂರು ಹೇಳಿದರೆ ನಾಳೆ ನನ್ನ ಮಗುವಿನ ಮೇಲೆ ಸೇಡು ತೀರಿಸಿಕೊಂಡರೆ?" ಮಗು ದಿನಕ್ಕೆ ಆರು ಗಂಟೆ ಅವರ ಕೈಯಲ್ಲಿರುತ್ತದೆ. ಹಾಗಾಗಿ ಸಣ್ಣ ವಿಷಯಗಳನ್ನು ನುಂಗಿಕೊಳ್ಳುತ್ತಾರೆ, ತಡೆಯಲಾರದ ದಿನ ಎಲ್ಲವನ್ನೂ ಒಟ್ಟಿಗೆ ಕಾರುತ್ತಾರೆ. ಆ ದಿನ ಟೀಚರಿಗೆ ಅನ್ನಿಸುವುದು "ಪೆನ್ಸಿಲ್ ಕಳೆದುಹೋದದ್ದಕ್ಕೆ ಇಷ್ಟು ಕೂಗಾಟವಾ?"

ಟೀಚರಿಗೂ ಮೇಲೊಬ್ಬರಿದ್ದಾರೆ. ಕಡಿಮೆ ಸಂಬಳದ ಖಾಸಗಿ ಶಾಲೆಯ ಶಿಕ್ಷಕಿಗೆ ಗೊತ್ತು, ಪೋಷಕರು ನೇರ ಮ್ಯಾನೇಜ್‌ಮೆಂಟಿಗೆ ಹೋದರೆ ಮುಂದಿನ ವರ್ಷ ತನ್ನ ಕೆಲಸ ಇರುತ್ತದೋ ಇಲ್ಲವೋ. ಹಾಗಾಗಿ ಅವಳೂ ಸಣ್ಣ ವಿಷಯಗಳನ್ನು ಮುಚ್ಚುತ್ತಾಳೆ. ಒಬ್ಬರು ಭಯದಿಂದ ಕೇಳುವುದಿಲ್ಲ, ಇನ್ನೊಬ್ಬರು ಭಯದಿಂದ ಹೇಳುವುದಿಲ್ಲ. ಶಾಲೆಯ ಮುಖ್ಯಸ್ಥರು ಇದನ್ನು ಬಿಡಿಸಬಲ್ಲರು. ದೂರು ಬಂದಾಗ "ಯಾರು ಹೇಳಿದ್ದು?" ಎಂದು ಕೇಳುವ ಬದಲು "ಏನಾಗಿದೆ?" ಎಂದು ಕೇಳಿದರೆ ಅರ್ಧ ಕೆಲಸ ಆಯಿತು. ಏನು ಕ್ರಮ ತೆಗೆದುಕೊಂಡೆವು ಅಂತ ಪೋಷಕರಿಗೆ ವಾಪಸ್ ತಿಳಿಸಿದರೆ ಉಳಿದರ್ಧ.

ಮಗುವಿನ ಸುರಕ್ಷತೆಯ ವಿಷಯದಲ್ಲಿ ಮಾತ್ರ ಈ ಸಮಾಧಾನ ಸಲ್ಲದು. 2014ರ ಜುಲೈನಲ್ಲಿ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷದ ಮಗುವಿನ ಮೇಲೆ ದೌರ್ಜನ್ಯ ನಡೆದ ಸುದ್ದಿ ಬಂದಾಗ ಪೋಷಕರು ಬೀದಿಗಿಳಿದರು. ಅಪರಾಧದ ಮೇಲೆ ಎಷ್ಟು ಸಿಟ್ಟಿತ್ತೋ, ಶಾಲೆ ವಿಷಯ ಮುಚ್ಚಿಡಲು ನೋಡಿತು ಎಂಬುದರ ಮೇಲೂ ಅಷ್ಟೇ ಸಿಟ್ಟಿತ್ತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. "ಶಾಲೆಯ ಹೆಸರು ಹಾಳಾಗುತ್ತದೆ, ಒಳಗೇ ಮುಗಿಸೋಣ" ಅನ್ನುವ ಮಾತು ಯಾರಿಂದ ಬಂದರೂ ಒಪ್ಪಬೇಡಿ. ಮಕ್ಕಳ ಸಹಾಯವಾಣಿ 1098 ಇದೆ.

ಉಳಿದ ದೂರುಗಳಿಗೆ ಮೆಟ್ಟಿಲು ಹೀಗಿದೆ. ಮೊದಲು ಕ್ಲಾಸ್ ಟೀಚರ್, ನಂತರ ಮುಖ್ಯೋಪಾಧ್ಯಾಯರು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯಲ್ಲೂ ವಿಷಯ ಎತ್ತಬಹುದು. ಅಲ್ಲಿಗೂ ಮುಗಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಅವರ ಮೇಲೆ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು, ಅಂದರೆ ಡಿಡಿಪಿಐ. ಮಗುವಿಗೆ ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು, ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಈ ಕಾಯ್ದೆ ಕೊಟ್ಟ ಹಕ್ಕಿಗೆ ಧಕ್ಕೆಯಾದರೆ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಅವರು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ದೂರನ್ನು ಬಾಯಲ್ಲಿ ಹೇಳಿ ಬರಬೇಡಿ. ಒಂದು ಹಾಳೆಯಲ್ಲಿ ದಿನಾಂಕ ಹಾಕಿ, ನಡೆದದ್ದನ್ನಷ್ಟೇ ಬರೆದು ಕೊಡಿ, ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಬನ್ನಿ.